ಕ್ಯೋಟೋ ನಗರದ ಗ್ರೀಷ್ಮೋತ್ಸವಗಳು

ಜಪಾನ್ ದೇಶದಲ್ಲಿ ಜುಲೈ ಆಗಸ್ಟ್ ತಿಂಗಳುಗಳು ಕಡುಬೇಸಗೆಯ ಕಾಲ. ಆ ದಿನಗಳಲ್ಲಿ ಅಲ್ಲಿಯ ಊರೂರುಗಳಲ್ಲಿಯೂ ಉತ್ಸವಗಳು ನಡೆಯುತ್ತವೆ. ಸಾಲುಸಾಲಾಗಿ ತೂಗುವ ಕಾಗದದ ದೀಪಗಳು, ಕೊಳಲು ಭೇರಿಗಳ ನಾದ, ತೆಳುವಾದ ಹತ್ತಿಯ ನಿಲುವಂಗಿಯನ್ನು ಧರಿಸಿ ಬೀಸಣಿಗೆ ಹಿಡಿದು ಸಂಜೆ ಬೀದಿಗಿಳಿಯುವ ಸಂಸಾರಗಳು, ನದೀತೀರದಲ್ಲಿ ಬಾಣಬಿರುಸು—ಇವನ್ನು ಕಂಡ ಪ್ರವಾಸಿಯು ಇದೆಲ್ಲವೂ ಸುಖಿಗಳಾದ ಜನರ ವಿನೋದವೆಂದು ಭಾವಿಸುವುದು ಸಹಜವೇ. ಆದರೆ ಈ ಉತ್ಸವಗಳ ಪೂರ್ವಚರಿತ್ರೆಯನ್ನು ವಿಚಾರಿಸಿದರೆ, ವಿನೋದವು ಇಲ್ಲಿ ಫಲವೇ ಹೊರತು ಬೀಜವಲ್ಲವೆಂದು ತಿಳಿಯುವುದು. ಬೀಜಗಳು ಎರಡು: ಒಂದು ವ್ಯಾಧಿಯ ಭಯ, ಮತ್ತೊಂದು ಮೃತರ ಋಣ. ಮೊದಲನೆಯದರಿಂದ ಗಿಯೋನ್ ಉತ್ಸವವೂ ಎರಡನೆಯದರಿಂದ ಉರಾಬೋನ್ ಉತ್ಸವವೂ ಬೆಳೆದುಬಂದವು. ಸಹಸ್ರವರ್ಷಕ್ಕೂ ಮೀರಿ ರಾಜಧಾನಿಯಾಗಿದ್ದ ಕ್ಯೋಟೋ ನಗರದಲ್ಲಿ ಇವೆರಡನ್ನೂ ಒಟ್ಟಿಗೆ ಪರಿಶೀಲಿಸಬಹುದು.

ಗಿಯೋನ್ ಎಂಬುದು ಕಿವಿಗೆ ಪರಕೀಯವಾಗಿ ತೋರಿದರೂ ಅದರ ಮೂಲ ನಮ್ಮ ದೇಶದ್ದೇ. ಶ್ರಾವಸ್ತಿಯಲ್ಲಿ ಅನಾಥಪಿಂಡದನೆಂಬ ಶ್ರೇಷ್ಠಿಯು ಜೇತನೆಂಬ ರಾಜಕುಮಾರನಿಂದ ಕೊಂಡು ಬುದ್ಧನಿಗೆ ಸಮರ್ಪಿಸಿದ ಜೇತವನದ ಹೆಸರನ್ನು ಚೀನೀಯರು ತಮ್ಮ ಲಿಪಿಯಲ್ಲಿ ಬರೆದುಕೊಂಡರು. ಆ ಅಕ್ಷರಗಳ ಜಪಾನೀ ಉಚ್ಚಾರಣೆಯ ಸಂಕ್ಷೇಪವೇ ಗಿಯೋನ್. ಆ ವನದ ರಕ್ಷಕನೆಂದು ಎಣಿಸಲ್ಪಟ್ಟ ಗೋಜು ತೆನ್ನೋ, ಅಂದರೆ ವೃಷಭಶಿರಸ್ಸಿನ ದೇವರಾಜನು, ಕ್ಯೋಟೋವಿನ ಪೂರ್ವಭಾಗದ ದೇವಾಲಯದಲ್ಲಿ ನೆಲೆಗೊಂಡನು. ವ್ಯಾಧಿಯನ್ನು ತರುವವನೂ ಅವನೇ, ಪ್ರಸನ್ನನಾದರೆ ತಡೆಯುವವನೂ ಅವನೇ. ಈ ದೇವನು ಒಮ್ಮೆ ದಾರಿಗನ ವೇಷದಲ್ಲಿ ಬಂದು ರಾತ್ರಿಗೆ ಆಶ್ರಯ ಬೇಡಿದನಂತೆ. ಧನಿಕನೊಬ್ಬನು ಇಲ್ಲವೆಂದನು, ಆತನ ಸೋದರನಾದ ಸೋಮಿನ್ ಎಂಬ ದರಿದ್ರನು ನವಣೆಯ ಹುಲ್ಲನ್ನೇ ಆಸನವಾಗಿ ಹಾಸಿ ನವಣೆಯ ಅನ್ನವನ್ನು ಬಡಿಸಿದನು. ಮುಂದೆ ವ್ಯಾಧಿ ಬಂದಾಗ ಸೋಮಿನನ ಮನೆತನವೊಂದೇ ಉಳಿಯಿತೆಂದು ಐತಿಹ್ಯ. ಇಂದಿಗೂ ಕ್ಯೋಟೋವಿನ ಜನರು ‘ನಾವು ಸೋಮಿನನ ವಂಶಜರು’ ಎಂಬ ಬರಹವುಳ್ಳ ಎಲೆಯ ಕಟ್ಟನ್ನು ಉತ್ಸವದಲ್ಲಿ ಪಡೆದು, ವರ್ಷವಿಡೀ ಬಾಗಿಲಿನ ಮೇಲೆ ತೂಗಹಾಕುತ್ತಾರೆ.

ಕ್ರಿ. ಶ. ೮೬೩ರಲ್ಲಿ ರಾಜಧಾನಿಯಲ್ಲಿ ಸಾಂಕ್ರಾಮಿಕ ವ್ಯಾಧಿಯು ಹಬ್ಬಿ ಬಹುಜನರು ಮಡಿದರು. ಅನ್ಯಾಯವಾಗಿ ದಂಡಿತರಾಗಿ ಸತ್ತ ರಾಜಪುರುಷರ ಕೋಪವೇ ಇದಕ್ಕೆ ಕಾರಣವೆಂದು ಬಗೆದು, ರಾಜೋದ್ಯಾನವಾದ ಶಿನ್‌ಸೆನ್-ಎನ್ ಎಂಬಲ್ಲಿ ಶಾಂತಿಕರ್ಮವನ್ನು ನಡೆಯಿಸಿದರು. ಸೂತ್ರಪ್ರವಚನ ಸಂಗೀತ ನರ್ತನಗಳಾದವು. ಉದ್ಯಾನದ ಬಾಗಿಲುಗಳನ್ನು ಸಾಮಾನ್ಯ ಪ್ರಜೆಗಳಿಗೂ ತೆರೆದರು. ೮೬೯ರಲ್ಲಿ ಮತ್ತೆ ವ್ಯಾಧಿ ತಲೆದೋರಲು, ದೇಶದ ೬೬ ಪ್ರಾಂತಗಳಿಗೆ ಒಂದೊಂದರಂತೆ ೬೬ ಶೂಲಗಳನ್ನು ನೆಟ್ಟು ದೇವನನ್ನು ಪ್ರಾರ್ಥಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಗಿಯೋನ್ ಉತ್ಸವದ ಆರಂಭವನ್ನು ಇಲ್ಲಿಂದಲೇ ಎಣಿಸುವರು.

ಆ ಶೂಲಗಳೇ ಕಾಲಕ್ರಮದಲ್ಲಿ ರಥಗಳಾಗಿ ಬೆಳೆದವು. ಈಗ ರಥಗಳ ಸಂಖ್ಯೆ ೩೪. ಜುಲೈ ೧೭ರಂದು ೨೩, ಜುಲೈ ೨೪ರಂದು ೧೧ ಹೊರಡುತ್ತವೆ. ಹಿರಿಯ ರಥಗಳು ೮೦ ಅಡಿಯಷ್ಟು ಎತ್ತರ, ೧೨ ಟನ್ನಿನಷ್ಟು ಭಾರ. ಇವುಗಳ ಚೌಕಟ್ಟಿಗೆ ಮೊಳೆ ಹೊಡೆಯುವುದಿಲ್ಲ. ಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟುತ್ತಾರೆ. ಚಕ್ರಗಳು ತಾವಾಗಿ ತಿರುಗಲಾರವಾದ ಕಾರಣ, ನಾಲ್ಕು ಬೀದಿ ಕೂಡುವಲ್ಲಿ ಸೀಳಿದ ಬಿದಿರನ್ನು ಹಾಸಿ, ನೀರು ಸುರಿದು, ಹಗ್ಗಗಳಿಂದ ಅಡ್ಡಲಾಗಿ ಎಳೆದು ರಥವನ್ನು ತಿರುಗಿಸುವ ನೋಟವು ಪ್ರೇಕ್ಷಣೀಯವಾದುದು. ರಥಗಳಿಗೆ ಹೊದಿಸುವ ವಸ್ತ್ರಗಳಲ್ಲಿ ೧೬ನೆಯ ಶತಮಾನದ ಬೆಲ್ಜಿಯಂ ದೇಶದ ಚಿತ್ರಪಟಗಳುಂಟು. ನಮ್ಮ ದಖ್ಖನಿನ ನೆಯ್ಗೆಯೆಂದು ತಜ್ಞರು ಗುರುತಿಸಿರುವ ರತ್ನಗಂಬಳಿಗಳೂ ಉಂಟು. ಇಲ್ಲಿಯ ನೇಕಾರನ ಕೈಕೆಲಸವು ಕಡಲನ್ನು ದಾಟಿ ಜೇತವನದ ಹೆಸರಿನ ಉತ್ಸವವನ್ನು ಸೇರಿದುದು ವಿಚಿತ್ರವಾದ ಯೋಗ.

ಈ ಉತ್ಸವವನ್ನು ಉಳಿಸಿದವರು ಯಾರೆಂಬುದು ಮುಖ್ಯವಾದ ಪ್ರಶ್ನೆ. ಆರಂಭಿಸಿದುದು ರಾಜಾಸ್ಥಾನವಾದರೂ ಉಳಿಸಿದವರು ಬೀದಿಯ ವರ್ತಕರು ಮತ್ತು ಕುಶಲಕರ್ಮಿಗಳು. ೧೪೬೭ರಲ್ಲಿ ಮೊದಲಾದ ಓನಿನ್ ಯುದ್ಧದಲ್ಲಿ ನಗರವು ಸುಟ್ಟು ಉತ್ಸವವು ನಿಂತಿತು; ೧೫೦೦ರಲ್ಲಿ ಪುನಃ ನಡೆಯಿತು. ೧೫೩೩ರಲ್ಲಿ ಸೇನಾಪತಿಗಳ ಸರಕಾರವು ದೇವಾಲಯದ ವಿಧಿಗಳನ್ನು ನಿಲ್ಲಿಸುವಂತೆ ಆಜ್ಞೆ ಮಾಡಲು, ಬೀದಿಗಳ ಪ್ರತಿನಿಧಿಗಳು ದೇವಾಲಯಕ್ಕೆ ಬಂದು, ವಿಧಿಗಳು ನಡೆಯದಿದ್ದರೂ ತಮ್ಮ ರಥಗಳು ನಡೆಯಲೇಬೇಕೆಂದು ಕೇಳಿಕೊಂಡರು. ೧೮೬೮ರಲ್ಲಿ ಮೇಜಿ ಸರಕಾರವು ಬೌದ್ಧಮತವನ್ನೂ ಶಿಂತೋ ಮತವನ್ನೂ ಬೇರ್ಪಡಿಸಿದಾಗ ದೇವಾಲಯಕ್ಕೆ ಯಾಸಾಕಾ ಎಂದೂ ದೇವರಿಗೆ ಸುಸಾನೋವೊ ಎಂದೂ ಹೆಸರಾಯಿತು. ಉತ್ಸವದ ಹೆಸರು ಮಾತ್ರ ಗಿಯೋನ್ ಎಂದೇ ಉಳಿಯಿತು. ೧೮೬೪ರ ಅಗ್ನಿಯಲ್ಲಿ ಬೆಂದ ನೌಕಾರಥವು ೧೫೦ ವರ್ಷಗಳ ತರುವಾಯ, ೨೦೧೪ರಲ್ಲಿ, ಮರಳಿ ಬೀದಿಗೆ ಬಂದಿತು. ೧೮೨೬ರ ಬಿರುಗಾಳಿ ಮಳೆಗೆ ಸಿಕ್ಕಿ ಕೆಟ್ಟ ಮತ್ತೊಂದು ರಥವು ಹೊರಟುದು ೨೦೨೨ರಲ್ಲಿ. ನಡುವಣ ೧೯೬ ವರ್ಷಗಳಲ್ಲಿ ಆ ಬೀದಿಯವರು ರಥವಿಲ್ಲದಿದ್ದರೂ, ಉಳಿದ ವಿಗ್ರಹಗಳನ್ನು ಮನೆಯೊಳಗೇ ಅಲಂಕರಿಸಿ ಆರಾಧಿಸುವುದನ್ನು ನಡೆಯಿಸಿಕೊಂಡು ಬಂದರು.

ಇನ್ನು ಉರಾಬೋನ್. ಮೌದ್ಗಲ್ಯಾಯನನು ದಿವ್ಯದೃಷ್ಟಿಯಿಂದ ನೋಡಲಾಗಿ, ಅವನ ತಾಯಿ ಪ್ರೇತಲೋಕದಲ್ಲಿ ಹಸಿವಿನಿಂದ ಬಳಲುತ್ತಿದ್ದಳು. ಮಗನು ಕೊಟ್ಟ ಅನ್ನವು ಬಾಯಿಗೆ ಸೇರುವ ಮುನ್ನವೇ ಕೆಂಡವಾಯಿತು. ವರ್ಷಾವಾಸವು ಮುಗಿಯುವ ಏಳನೆಯ ತಿಂಗಳ ಹದಿನೈದನೆಯ ದಿನ ಸಂಘಕ್ಕೆ ಅನ್ನದಾನ ಮಾಡೆಂದು ಬುದ್ಧನು ಬೋಧಿಸಲು, ಹಾಗೆ ಮಾಡಿ ತಾಯಿಯನ್ನು ಬಿಡಿಸಿದನು. ಈ ಕಥೆಯುಳ್ಳ ಸೂತ್ರವು ಚೀನೀ ಭಾಷೆಯಲ್ಲಿದೆ, ಸಂಸ್ಕೃತಮೂಲವು ದೊರೆತಿಲ್ಲ. ಹೆಸರನ್ನು ತಲೆಕೆಳಗಾಗಿ ತೂಗುವುದೆಂಬರ್ಥದ ‘ಉಲ್ಲಂಬನ’ದಿಂದ ಬಹುಕಾಲ ಬಿಡಿಸುತ್ತಿದ್ದರು, ಅನ್ನವೆಂಬರ್ಥದ ‘ಓದನ’ದಿಂದ ಬಂದಿತೆಂಬುದು ಈಚಿನ ಮತ. ಕಥೆಗೆ ಎರಡನೆಯದೇ ಹೆಚ್ಚು ಹೊಂದುತ್ತದೆಂದು ನಮಗೆ ತೋರುತ್ತದೆ. ಜಪಾನಿನಲ್ಲಿ ೬೫೭ರಲ್ಲಿ ಆಸುಕಾ ವಿಹಾರದ ಪಶ್ಚಿಮಕ್ಕೆ ಮೇರುಪರ್ವತದ ಪ್ರತಿಕೃತಿಯನ್ನು ರಚಿಸಿ ಈ ಉತ್ಸವವನ್ನು ಆಚರಿಸಿದುದು ಅಲ್ಲಿಯ ಪ್ರಾಚೀನ ಇತಿಹಾಸಗ್ರಂಥದಲ್ಲಿ ದಾಖಲೆಯಾಗಿದೆ. ೧೮೭೩ರಲ್ಲಿ ಪಾಶ್ಚಾತ್ಯ ಪಂಚಾಂಗವು ಬಳಕೆಗೆ ಬಂದುದರಿಂದ ಇದನ್ನು ಟೋಕಿಯೋದಲ್ಲಿ ಜುಲೈ ಮಧ್ಯದಲ್ಲಿಯೂ ಬಹುಪ್ರದೇಶಗಳಲ್ಲಿ ಆಗಸ್ಟ್ ಮಧ್ಯದಲ್ಲಿಯೂ ಆಚರಿಸುತ್ತಾರೆ. ಪಿತೃಗಳು ಬೇಗ ಬರಲೆಂದು ಸೌತೆಕಾಯಿಯ ಕುದುರೆಯನ್ನೂ, ನಿಧಾನವಾಗಿ ಹಿಂದಿರುಗಲೆಂದು ಬದನೆಕಾಯಿಯ ಹಸುವನ್ನೂ ಮಾಡಿಡುವ ಪದ್ಧತಿಯು ಪೂರ್ವಜಪಾನಿನ ಮನೆಗಳಲ್ಲುಂಟು. ಬಿಡುಗಡೆಯಾದ ತಾಯಿಯನ್ನು ಕಂಡು ಮೌದ್ಗಲ್ಯಾಯನನು ಕುಣಿದುದೇ ಈ ದಿನಗಳ ಸಮೂಹನೃತ್ಯಕ್ಕೆ ಮೂಲವೆಂದು ಜನರ ಹೇಳಿಕೆ.

ಬಂದ ಪಿತೃಗಳನ್ನು ಬೀಳ್ಕೊಡುವುದು ಆಗಸ್ಟ್ ೧೬ರ ರಾತ್ರಿ. ಎಂಟು ಘಂಟೆಗೆ ಕ್ಯೋಟೋವಿನ ಪೂರ್ವದ ಗುಡ್ಡದ ಮೇಲೆ ೭೫ ಬೆಂಕಿಗಳಿಂದಾದ ‘ಮಹತ್’ ಎಂಬರ್ಥದ ಅಕ್ಷರವು ಬೆಳಗುತ್ತದೆ. ಅದರ ಉದ್ದನೆಯ ಗೆರೆಯೊಂದೇ ೧೬೦ ಮೀಟರ್. ಕ್ರಮವಾಗಿ ಇತರ ಗುಡ್ಡಗಳ ಮೇಲೂ ಅಕ್ಷರಗಳೂ ನೌಕೆಯ ಆಕಾರವೂ ಮೂಡುತ್ತವೆ. ಯುದ್ಧಕಾಲದಲ್ಲಿ, ೧೯೪೩ರಿಂದ ೧೯೪೫ರವರೆಗೆ, ಈ ಬೆಂಕಿಯನ್ನು ಹೊತ್ತಿಸಲಿಲ್ಲ. ಆದರೆ ೧೯೪೩ರಲ್ಲಿ ಶಾಲೆಯ ಮಕ್ಕಳು ಬಿಳಿಯ ಅಂಗಿಗಳನ್ನು ತೊಟ್ಟು, ಬೆಳಗಿನ ಹೊತ್ತು ಗುಡ್ಡವನ್ನೇರಿ, ತಾವೇ ಸಾಲಾಗಿ ನಿಂತು ಆ ಅಕ್ಷರವನ್ನು ರಚಿಸಿದರು. ಉತ್ಸವವನ್ನು ಜನರು ಏಕೆ ಬಿಡಲಾರರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕಿಲ್ಲ.

ಆದರೂ ಬೆಂಕಿ ಯುದ್ಧಗಳಿಗೆ ಮಣಿಯದುದಕ್ಕೆ ಈಗ ಬೇರೊಂದು ಪರೀಕ್ಷೆ ಒದಗಿದೆ. ರಥದ ಬೀದಿಗಳಲ್ಲಿ ಕಚೇರಿಗಳು ಎದ್ದು ವಾಸಿಸುವ ಮನೆಗಳು ವಿರಳವಾಗಿವೆ. ಹಗ್ಗ ಹಿಡಿಯಲು ವಿದ್ಯಾರ್ಥಿಗಳನ್ನೂ ಹೊರಗಿನ ಸ್ವಯಂಸೇವಕರನ್ನೂ ಕರೆಯುತ್ತಾರೆ. ವೆಚ್ಚಕ್ಕೆ ಹಣ ಬೇಕು. ಹಣ ಬರುವುದು ನೋಡಬಂದವರಿಂದ. ೨೦೨೩ರಲ್ಲಿ ಒಂದು ಆಸನಕ್ಕೆ ೪ ಲಕ್ಷ ಯೆನ್ ಬೆಲೆಯ ವಿಶೇಷ ಸ್ಥಳಗಳನ್ನು ಏರ್ಪಡಿಸಿದರು. ಅಂಥ ಆಸನಗಳಲ್ಲಿ ಮದ್ಯವನ್ನು ಒದಗಿಸುವುದು ದೇವರ ಉತ್ಸವಕ್ಕೆ ತಕ್ಕುದಲ್ಲವೆಂದು ೨೦೨೪ರಲ್ಲಿ ಯಾಸಾಕಾ ದೇವಾಲಯದ ಪ್ರಧಾನಾರ್ಚಕರು ಆಕ್ಷೇಪಿಸಿದರು. ಎರಡು ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ. ಹಣವಿಲ್ಲದೆ ರಥವು ಚಲಿಸದು. ಹಣಕ್ಕಾಗಿಯೇ ಚಲಿಸಿದರೆ ಅದು ರಥವೆನಿಸದು.

ಅನ್ಯದೇಶದಿಂದ ಹೋದವನಿಗೆ ಇಲ್ಲಿ ಸ್ಥಾನವಿಲ್ಲವೆಂದು ತಿಳಿಯಬಾರದು. ಗುಡ್ಡದ ಬೆಂಕಿಗೆ ಹಾಕುವ ಕಟ್ಟಿಗೆಯ ಮೇಲೆ ತನ್ನ ಮೃತರ ಹೆಸರನ್ನು ಬರೆದು ಒಪ್ಪಿಸಲು ಅವನಿಗೂ ಅವಕಾಶವುಂಟು. ಉತ್ಸವದ ಮೂಲಕಥೆಯಲ್ಲಿ ದೇವನೇ ಆಗಂತುಕನಾಗಿ ಬಂದು ನವಣೆಯ ಹುಲ್ಲಿನ ಮೇಲೆ ಕುಳಿತನಲ್ಲವೆ? ನೋಡಹೋಗುವವನು ಆ ಆಸನವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಬೀದಿಯ ಅಂಚಿನಲ್ಲಿ ನಿಂತೇ ನೋಡಿದರೂ ಉತ್ಸವದ ಪೂರ್ಣಫಲವನ್ನು ಪಡೆಯುವನು.