ತಲೆ ಸವೆದ ಸ್ಕ್ರೂ

ನಮ್ಮ ಕುಕ್ಕರಿನ ಹಿಡಿ ಅಲ್ಲಾಡುತ್ತಿತ್ತು. ಹೊಸದನ್ನು ತಂದದ್ದೂ ಆಯಿತು. ಆದರೆ ಹಳೆಯದರ ಸ್ಕ್ರೂ ಬಿಚ್ಚಲೊಲ್ಲದು. ತಿರುಗಿಸಿದಷ್ಟೂ ಸ್ಕ್ರೂಡ್ರೈವರ್ ಜಾರಿ, ತಲೆಯ ಮೇಲಿನ ಪ್ಲಸ್ ಗುರುತು ಸವೆದು ನುಣ್ಣಗಾಯಿತು. "ಬಿಡು, ಅದು ನಿನ್ನ ಕೈಲಾಗುವ ಕೆಲಸವಲ್ಲ" ಎಂದರು ನಮ್ಮ ಮನೆಯವರು. ಮಾತು ಚುಚ್ಚಿತು. ಇತಿಹಾಸ ಪಾಠ ಮಾಡುವವಳು ನಾನು. ಈ ಗುರುತಿಗೂ ಒಂದು ಚರಿತ್ರೆ ಇರಬೇಕಲ್ಲ ಎಂದು ಹುಡುಕಿದೆ.

ಹಿಂದೆ ಸ್ಕ್ರೂವಿನ ತಲೆಯಲ್ಲಿ ಒಂದೇ ಸೀಳು. ಅದರಿಂದ ಸ್ಕ್ರೂಡ್ರೈವರ್ ಪಕ್ಕಕ್ಕೆ ಜಾರುವುದು ಸುಲಭ. ಕೆನಡಾದ ಪಿ.ಎಲ್. ರಾಬರ್ಟ್‌ಸನ್ ಎಂಬ ಮಾರಾಟಗಾರ ಹೀಗೆಯೇ ಜಾರಿ ಕೈ ಕುಯ್ದುಕೊಂಡನಂತೆ. ಆಮೇಲೆ ಆತ ಚೌಕ ಕುಳಿಯ ಸ್ಕ್ರೂ ಮಾಡಿ 1909ರಲ್ಲಿ ಪೇಟೆಂಟ್ ಪಡೆದ. ಫೋರ್ಡ್ ಕಾರುಗಳಲ್ಲೂ ಅದು ಬಳಕೆಯಾಯಿತು. ಆದರೆ ತಯಾರಿಕೆಯ ಹಿಡಿತವನ್ನು ಫೋರ್ಡ್‌ಗೆ ಬಿಟ್ಟುಕೊಡಲು ಆತ ಒಪ್ಪಲಿಲ್ಲ. ಚೌಕದ ಸ್ಕ್ರೂ ಹೆಚ್ಚಾಗಿ ಕೆನಡಾದಲ್ಲೇ ಉಳಿಯಿತು.

ಜಗತ್ತು ಸುತ್ತಿದ್ದು ಪ್ಲಸ್ ಗುರುತು. ಅಮೆರಿಕದ ಹೆನ್ರಿ ಫಿಲಿಪ್ಸ್, ಜಾನ್ ಥಾಂಪ್ಸನ್ನನ ಕಲ್ಪನೆಯ ಹಕ್ಕು ಕೊಂಡು, ತಿದ್ದಿ, 1936ರಲ್ಲಿ ಪೇಟೆಂಟ್ ಪಡೆದ. ಕ್ಯಾಡಿಲಾಕ್ ಕಾರು ಜೋಡಿಸುವಲ್ಲಿ ಅದು ಬಳಕೆಗೆ ಬಂತು. ಯಂತ್ರದ ಮೊನೆ ತಾನಾಗಿ ಕುಳಿಯ ನಡುವೆ ಕೂರುತ್ತಿದ್ದುದರಿಂದ ಕೆಲಸ ಬೇಗ ಸಾಗುತ್ತಿತ್ತು. ಆದರೆ ಆ ಕುಳಿಯ ಗೋಡೆಗಳು ಇಳಿಜಾರು. ಒತ್ತದೆ ಬರೀ ತಿರುಗಿಸಿದರೆ ಮೊನೆ ಮೇಲಕ್ಕೆ ಜಾರಿ ಅಂಚನ್ನು ಸವೆಸುತ್ತದೆ. ಕಾರ್ಖಾನೆಯ ಅವಸರಕ್ಕೆ ಅನುಕೂಲವಾದದ್ದು ಅಡುಗೆಮನೆಯಲ್ಲಿ ಬಿಚ್ಚುವವಳಿಗೆ ತೊಡಕು!

ಹಾಗಾದರೆ ನನ್ನ ಕೈಯ ಬಲ ಕಡಿಮೆಯಾಗಿರಲಿಲ್ಲ. ಬಲ ಹಾಕಿದ ಕಡೆ ತಪ್ಪಾಗಿತ್ತು. ಸ್ಕ್ರೂವಿನ ಸಂದಿಗೆ ಹೊಲಿಗೆ ಯಂತ್ರದ ಎಣ್ಣೆಯ ಎರಡು ಹನಿ ಬಿಟ್ಟು, ಒಂದು ಗಂಟೆ ಕಾದು, ತಲೆಯನ್ನು ಚೆನ್ನಾಗಿ ಒರೆಸಿದೆ. ಅದರ ಮೇಲೆ ಅಗಲವಾದ ರಬ್ಬರ್ ಬ್ಯಾಂಡಿಟ್ಟು, ಕುಳಿಗೆ ಸರಿಹೊಂದುವ ಸ್ಕ್ರೂಡ್ರೈವರನ್ನು ನೆಟ್ಟಗೆ ಹಿಡಿದೆ. ಮೈಭಾರವನ್ನೆಲ್ಲ ಅಂಗೈಗೆ ಬಿಟ್ಟು ನಿಧಾನವಾಗಿ ಎಡಕ್ಕೆ ತಿರುಗಿಸಿದೆ. ಸವೆದ ಜಾಗಕ್ಕೆ ರಬ್ಬರು ತುಂಬಿ ಹಿಡಿತ ಸಿಕ್ಕಿತು. ಮೂರನೆಯ ಸಲಕ್ಕೆ "ಕಿರ್" ಎಂದಿತು, ಸಡಿಲವಾಯಿತು.

ಸ್ಕ್ರೂವಿನ ತಲೆ ಹೊರಗೆ ಚಾಚಿದ್ದರೆ ಇಕ್ಕಳದಿಂದಲೇ ಹಿಡಿದು ತಿರುಗಿಸಬಹುದು. ಇಲ್ಲವೇ ಹ್ಯಾಕ್ಸಾ ಬ್ಲೇಡಿನಿಂದ ಅದರ ಮೇಲೆ ಒಂದು ಸೀಳು ಕೊರೆದು, ಚಪ್ಪಟೆ ಸ್ಕ್ರೂಡ್ರೈವರ್ ಹಾಕಬಹುದು. ಎಂದರೆ, ಚರಿತ್ರೆಯಲ್ಲಿ ಒಂದು ಹೆಜ್ಜೆ ಹಿಂದಕ್ಕೆ!

ಆ ಸ್ಕ್ರೂವನ್ನು ನಾನು ಎಸೆದಿಲ್ಲ. ಕಾಫಿಪುಡಿ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದೇನೆ. ಬೆಳಿಗ್ಗೆ ಕಾಫಿಗೆ ಬರುವವರ ಕಣ್ಣಿಗೆ ಬೀಳಲಿ ಎಂದು.