ಡೀಸೆಲ್ ವ್ಯಾನುಗಳ ಹೊಗೆ ನಿಯಂತ್ರಣ ವ್ಯವಸ್ಥೆ ಮತ್ತು ಡಿ.ಇ.ಎಫ್. ದ್ರಾವಣ: ಚಿಕ್ಕಬಳ್ಳಾಪುರ ಜಿಲ್ಲೆಯ ವಾಹನ ಮಾಲೀಕರಿಗೆ ಮಾಹಿತಿ

ಅರ್ಹತಾ ಪತ್ರದ ನವೀಕರಣಕ್ಕಾಗಲಿ, ವಾಯುಮಾಲಿನ್ಯ ತಪಾಸಣಾ ಪ್ರಮಾಣ ಪತ್ರಕ್ಕಾಗಲಿ ಅರ್ಜಿ ಸಲ್ಲಿಸುವ ಡೀಸೆಲ್ ವ್ಯಾನ್ ಮಾಲೀಕರ ಮತ್ತು ಚಾಲಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಜಿಲ್ಲೆಯಲ್ಲಿ ಹೂವು, ತರಕಾರಿ, ಹಾಲು ಮತ್ತು ರೇಷ್ಮೆಗೂಡು ಸಾಗಿಸುವ ವ್ಯಾನುಗಳು, ಶಾಲಾ ವ್ಯಾನುಗಳು ಹಾಗೂ ಟೆಂಪೋ ಟ್ರಾವೆಲರ್‌ಗಳು ಬಹುಪಾಲು ಡೀಸೆಲ್ ವಾಹನಗಳಾಗಿವೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೊರಟ ವ್ಯಾನು ದಾರಿಯಲ್ಲಿ ನಿಂತುಹೋದರೆ ಹರಾಜಿನ ಹೊತ್ತು ಅದಕ್ಕಾಗಿ ಕಾಯುವುದಿಲ್ಲ. ಆದುದರಿಂದ ಈ ವ್ಯವಸ್ಥೆಯನ್ನು ಅರಿತು ನಡೆಸುವುದು ಕಾನೂನಿನ ಪಾಲನೆಯಷ್ಟೇ ಅಲ್ಲ, ಮಾಲೀಕರ ಜೀವನೋಪಾಯದ ಪ್ರಶ್ನೆಯೂ ಆಗಿದೆ.

ನಿಮ್ಮ ವಾಹನ ಯಾವ ಮಾನದಂಡಕ್ಕೆ ಸೇರಿದೆ?

ದೇಶದಾದ್ಯಂತ 2017ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-4 ಮಾನದಂಡವೂ, ಐದನೆಯ ಹಂತವನ್ನು ಕೈಬಿಟ್ಟು 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಮಾನದಂಡವೂ ಜಾರಿಗೆ ಬಂದವು. ಅದೇ ದಿನಾಂಕದಿಂದ ಡೀಸೆಲ್‌ನಲ್ಲಿರುವ ಗಂಧಕದ ಮಿತಿಯು ಹತ್ತು ಲಕ್ಷ ಭಾಗಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಗೌರಿಬಿದನೂರಿನ ಬಂಕಿನಲ್ಲಿ ತುಂಬಿಸಿದರೂ ಗಡಿಯಾಚೆ ಹಿಂದೂಪುರದಲ್ಲಿ ತುಂಬಿಸಿದರೂ ಡೀಸೆಲ್‌ಗೆ ಅನ್ವಯಿಸುವ ಗುಣಮಟ್ಟ ಒಂದೇ. 2023ರ ಏಪ್ರಿಲ್ 1ರಿಂದ ಆರನೆಯ ಹಂತದ ಎರಡನೆಯ ಘಟ್ಟ ಜಾರಿಯಾಗಿದ್ದು, ಹೊಗೆ ನಿಯಂತ್ರಣದ ದೋಷಗಳನ್ನು ವಾಹನವೇ ಹೆಚ್ಚು ಕಟ್ಟುನಿಟ್ಟಾಗಿ ಗುರುತಿಸಿ ದಾಖಲಿಸಿಕೊಳ್ಳುತ್ತದೆ.

ವಾಹನದ ಮಾನದಂಡವು ನೋಂದಣಿ ಪ್ರಮಾಣ ಪತ್ರದ ಹೊಸ ನಮೂನೆಯಲ್ಲಿ ನಮೂದಾಗಿರುತ್ತದೆ. ಮೂರನೆಯ ಹಂತ ಮತ್ತು ಅದಕ್ಕಿಂತ ಹಳೆಯ ವ್ಯಾನುಗಳಿಗೆ ಡಿ.ಇ.ಎಫ್. ದ್ರಾವಣದ ಸಂಬಂಧವಿರುವುದಿಲ್ಲ. ಆರನೆಯ ಹಂತದ ವಾಹನಗಳಲ್ಲಿಯೂ ಎಲ್ಲದಕ್ಕೂ ಈ ದ್ರಾವಣ ಬೇಕಾಗುವುದಿಲ್ಲ. ಕೆಲವು ಸಣ್ಣ ವಾಹನಗಳಲ್ಲಿ ತಯಾರಕರು ಬೇರೆ ವಿಧಾನವನ್ನು ಅಳವಡಿಸಿದ್ದಾರೆ. ನೀಲಿ ಮುಚ್ಚಳದ ಪ್ರತ್ಯೇಕ ಟ್ಯಾಂಕ್ ಇದೆಯೇ ಎಂಬುದನ್ನು ವಾಹನದ ಕೈಪಿಡಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು.

ಹೊಗೆನಳಿಕೆಯೊಳಗೆ ನಡೆಯುವುದೇನು?

ಡೀಸೆಲ್ ಎಂಜಿನಿನಿಂದ ಹೊರಬೀಳುವ ಹಾನಿಕಾರಕಗಳಲ್ಲಿ ಮಸಿ ಮತ್ತು ಸಾರಜನಕದ ಆಕ್ಸೈಡುಗಳು ಮುಖ್ಯವಾದವು. ಮಸಿಯನ್ನು ಡಿ.ಪಿ.ಎಫ್. ಎಂಬ ಸೋಸುಕವು ಹಿಡಿದಿಡುತ್ತದೆ. ಸಾರಜನಕದ ಆಕ್ಸೈಡುಗಳಿಗಾಗಿ ಎಸ್.ಸಿ.ಆರ್. ವ್ಯವಸ್ಥೆಯು ಡಿ.ಇ.ಎಫ್. ದ್ರಾವಣವನ್ನು ಬಿಸಿ ಹೊಗೆಯೊಳಗೆ ಸಿಂಪಡಿಸುತ್ತದೆ. ದ್ರಾವಣದಿಂದ ಅಮೋನಿಯಾ ಹುಟ್ಟಿ, ವೇಗವರ್ಧಕದ ಮೇಲೆ ಆ ಆಕ್ಸೈಡುಗಳನ್ನು ನಿರಪಾಯಕಾರಿಯಾದ ಸಾರಜನಕ ಮತ್ತು ನೀರಾವಿಯನ್ನಾಗಿ ಮಾರ್ಪಡಿಸುತ್ತದೆ.

ಗೊಬ್ಬರದ ಯೂರಿಯಾವನ್ನು ಬಳಸಬಾರದು

ಡಿ.ಇ.ಎಫ್. ಎಂದರೆ ಶೇ. 32.5ರಷ್ಟು ಶುದ್ಧ ಯೂರಿಯಾ ಮತ್ತು ಉಳಿದಂತೆ ಖನಿಜಾಂಶವನ್ನು ತೆಗೆದ ನೀರು. ಆಡ್‌ಬ್ಲೂ ಎಂಬುದು ಇದೇ ದ್ರಾವಣಕ್ಕಿರುವ, ಜರ್ಮನಿಯ ವಾಹನ ಉದ್ಯಮ ಸಂಘದ ನೋಂದಾಯಿತ ವ್ಯಾಪಾರ ಚಿಹ್ನೆ. ಚಾಲಕರು ವಾಡಿಕೆಯಲ್ಲಿ ಇದನ್ನು ಯೂರಿಯಾ ಎಂದೇ ಕರೆಯುತ್ತಾರೆ. ಗೊಂದಲ ಹುಟ್ಟುವುದು ಈ ಹೆಸರಿನಿಂದಲೇ. ವ್ಯಾನ್ ಮಾಲೀಕರಲ್ಲಿ ಅನೇಕರು ರೈತರೂ ಆಗಿದ್ದು, ಮನೆಯಲ್ಲಿರುವ 45 ಕೆ.ಜಿ. ಚೀಲದಿಂದ ನಾಲ್ಕು ಬೊಗಸೆ ತೆಗೆದು ಕೊಳವೆ ಬಾವಿಯ ನೀರಿನಲ್ಲಿ ಕರಗಿಸಿದರೆ ಆಯಿತಲ್ಲವೇ ಎಂಬ ಆಲೋಚನೆ ಬರುವುದು ಸಹಜ. ಹಾಗೆ ಮಾಡಿದಲ್ಲಿ ವ್ಯವಸ್ಥೆಯು ಕೆಡುವುದು ನಿಶ್ಚಿತ.

ಮೊದಲನೆಯದಾಗಿ, ಕೃಷಿ ಬಳಕೆಗೆ ರಿಯಾಯಿತಿ ದರದಲ್ಲಿ ಸರಬರಾಜಾಗುವ ಯೂರಿಯಾ 2015ರಿಂದ ಸಂಪೂರ್ಣವಾಗಿ ಬೇವು ಲೇಪಿತವಾಗಿದೆ. ಬೇವಿನ ಎಣ್ಣೆಯ ಅಂಶ ಹಾಗೂ ಗೊಬ್ಬರದಲ್ಲಿರುವ ಇತರ ಕಲ್ಮಶಗಳು ದ್ರಾವಣ ಸಿಂಪಡಿಸುವ ನಳಿಕೆಯನ್ನು ಕಟ್ಟಿಸಿ, ವೇಗವರ್ಧಕದ ಮೇಲೆ ಕೂರುತ್ತವೆ. ಎರಡನೆಯದಾಗಿ ನೀರಿನ ವಿಷಯ. ಐ.ಎಸ್.ಓ. 22241 ಮಾನದಂಡದಂತೆ ಒಂದು ಕಿಲೋ ದ್ರಾವಣದಲ್ಲಿ ಕ್ಯಾಲ್ಸಿಯಂ ಅಂಶವು ಅರ್ಧ ಮಿಲಿಗ್ರಾಂ ಮೀರುವಂತಿಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡವೇ ಲೀಟರಿಗೆ 75 ಮಿಲಿಗ್ರಾಂ ಕ್ಯಾಲ್ಸಿಯಂ ಅನ್ನು ಸ್ವೀಕಾರಾರ್ಹವೆಂದು ಪರಿಗಣಿಸುತ್ತದೆ. ಅಂದರೆ ಕುಡಿಯಲು ಯೋಗ್ಯವಾದ ನೀರೂ ಈ ಕೆಲಸಕ್ಕೆ ಯೋಗ್ಯವಲ್ಲ. ನಮ್ಮ ಜಿಲ್ಲೆಯ ಆಳದ ಕೊಳವೆ ಬಾವಿಗಳ ಗಡಸು ನೀರಿನ ಮಾತು ಹೇಳಬೇಕಾಗಿಲ್ಲ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಗಾರೆಯಂತಹುದೇ ಹೊಗೆನಳಿಕೆಯಲ್ಲಿ ಕಟ್ಟಿಕೊಳ್ಳುತ್ತದೆ. ಇದರಿಂದ ಆಗುವ ದುರಸ್ತಿಯ ವೆಚ್ಚ ದ್ರಾವಣದ ಬೆಲೆಯ ಹಲವಾರು ಪಟ್ಟು.

ಮೂರನೆಯದು ಕಾನೂನಿನ ಅಂಶ. ರಿಯಾಯಿತಿ ಯೂರಿಯಾವನ್ನು ಕೃಷಿಯೇತರ ಉದ್ದೇಶಕ್ಕೆ ತಿರುಗಿಸುವುದು ರಸಗೊಬ್ಬರ ನಿಯಂತ್ರಣ ಆದೇಶ, 1985 ಮತ್ತು ಅಗತ್ಯ ವಸ್ತುಗಳ ಅಧಿನಿಯಮ, 1955ರ ಅನ್ವಯ ಅಪರಾಧವಾಗಿರುತ್ತದೆ. ಗೊಬ್ಬರದಿಂದ ತಯಾರಿಸಿದ ದ್ರಾವಣವನ್ನು ಕಡಿಮೆ ಬೆಲೆಗೆ ಮಾರುವವರಿಂದ ಖರೀದಿಸುವ ಮುನ್ನ ಇದನ್ನು ಗಮನಿಸುವುದು.

ದ್ರಾವಣ ಎಷ್ಟು ಬೇಕು, ಹೇಗೆ ಇಡಬೇಕು?

ಸಾಮಾನ್ಯವಾಗಿ ಖರ್ಚಾಗುವ ಡೀಸೆಲ್‌ನ ಶೇ. 3ರಿಂದ 5ರಷ್ಟು ದ್ರಾವಣ ಬೇಕಾಗುತ್ತದೆ. ಉದಾಹರಣೆಗೆ, ತಿಂಗಳಿಗೆ 2,500 ಕಿ.ಮೀ. ಓಡಿ ಲೀಟರಿಗೆ 12 ಕಿ.ಮೀ. ಕೊಡುವ ವ್ಯಾನು ಸುಮಾರು 208 ಲೀಟರ್ ಡೀಸೆಲ್ ಮತ್ತು 6ರಿಂದ 10 ಲೀಟರ್ ದ್ರಾವಣವನ್ನು ಬಳಸುತ್ತದೆ. ತಿಂಗಳುಗಟ್ಟಲೆ ಓಡಿದರೂ ದ್ರಾವಣ ಇಳಿಯದಿದ್ದಲ್ಲಿ ಅದು ಉಳಿತಾಯವೆಂದು ಸಂತೋಷಪಡುವಂತಹುದಲ್ಲ. ನಳಿಕೆ ಕಟ್ಟಿರುವ ಸಾಧ್ಯತೆಯಿದ್ದು, ಪರೀಕ್ಷೆ ಮಾಡಿಸುವುದು ಸೂಕ್ತ.

ದ್ರಾವಣವನ್ನು 25 ಡಿಗ್ರಿ ಸೆಲ್ಸಿಯಸ್‌ನೊಳಗೆ ಇಟ್ಟರೆ ಸುಮಾರು 18 ತಿಂಗಳು, 35 ಡಿಗ್ರಿಯಲ್ಲಿ ಸುಮಾರು 6 ತಿಂಗಳು ಮಾತ್ರ ಬಾಳಿಕೆ ಬರುತ್ತದೆ. ಆದ್ದರಿಂದ ತಗಡಿನ ಶೆಡ್ಡಿನಲ್ಲಿ ಬೇಸಿಗೆಯಿಡೀ ಬಕೆಟ್ಟುಗಳನ್ನು ಪೇರಿಸಿಡಬಾರದು. ಖರೀದಿಸುವಾಗ ಮೊಹರು ಮತ್ತು ತಯಾರಿಕೆಯ ದಿನಾಂಕವನ್ನು ನೋಡತಕ್ಕದ್ದು. ದ್ರಾವಣವು ಹೆಪ್ಪುಗಟ್ಟುವುದು ಶೂನ್ಯಕ್ಕಿಂತ 11 ಡಿಗ್ರಿ ಕೆಳಗೆ. ನಂದಿ ಬೆಟ್ಟದ ಚಳಿಗೂ ಅದರ ಭಯವಿಲ್ಲ. ತಾಮ್ರ, ಹಿತ್ತಾಳೆ ಮತ್ತು ಸತು ಲೇಪಿತ ಪಾತ್ರೆಗಳನ್ನು ಹಾಗೂ ಡೀಸೆಲ್ ಅಥವಾ ಎಣ್ಣೆಗೆ ಬಳಸಿದ ಆಲಿಕೆಯನ್ನು ಉಪಯೋಗಿಸಬಾರದು. ಮುಚ್ಚಳದ ಸುತ್ತ ಕಾಣುವ ಬಿಳಿ ಹರಳುಗಳನ್ನು ನೀರಿನಿಂದ ತೊಳೆದರೆ ಸಾಕು.

ಡೀಸೆಲ್ ಟ್ಯಾಂಕಿಗೆ ದ್ರಾವಣವನ್ನೋ, ದ್ರಾವಣದ ಟ್ಯಾಂಕಿಗೆ ಡೀಸೆಲ್ ಅನ್ನೋ ತಪ್ಪಿ ಸುರಿದಲ್ಲಿ ಎಂಜಿನ್ ಚಾಲೂ ಮಾಡಲೇಬಾರದು. ಕೀಲಿಯನ್ನೂ ತಿರುಗಿಸದೆ ಸೇವಾ ಕೇಂದ್ರದವರನ್ನು ಕರೆಸಿ ಟ್ಯಾಂಕ್ ಬರಿದು ಮಾಡಿಸತಕ್ಕದ್ದು.

ದ್ರಾವಣ ಕಡಿಮೆಯಾದಂತೆ ಚಾಲಕನ ಮುಂದಿನ ಫಲಕದಲ್ಲಿ ಮೊದಲು ಎಚ್ಚರಿಕೆಯ ದೀಪ ಹೊತ್ತುತ್ತದೆ. ಅನಂತರ, ವಾಹನದ ಮಾದರಿಗೆ ಅನುಸಾರವಾಗಿ, ಎಂಜಿನಿನ ಶಕ್ತಿ ಕುಗ್ಗುತ್ತದೆ ಅಥವಾ ಒಮ್ಮೆ ನಿಲ್ಲಿಸಿದ ವಾಹನ ಮರಳಿ ಚಾಲೂ ಆಗುವುದಿಲ್ಲ. ಇದು ದೋಷವಲ್ಲ, ಮಾನದಂಡವೇ ವಿಧಿಸಿದ ವ್ಯವಸ್ಥೆ. ಒಂದೆರಡು ಲೋಟ ಸುರಿದ ಮಾತ್ರಕ್ಕೆ ದೀಪ ಆರದಿರಬಹುದು; ಕನಿಷ್ಠ ಪ್ರಮಾಣವನ್ನು ಕೈಪಿಡಿಯಲ್ಲಿ ಸೂಚಿಸಲಾಗಿರುತ್ತದೆ.

ಹತ್ತಿರದ ಓಡಾಟ ಮತ್ತು ಮಸಿ ಸೋಸುಕ

ಸೋಸುಕದಲ್ಲಿ ಸೇರಿದ ಮಸಿಯನ್ನು ವಾಹನವು ಆಗಾಗ್ಗೆ ತಾನೇ ಸುಟ್ಟುಹಾಕುತ್ತದೆ. ಆಗ ಸೋಸುಕದ ಒಳಗಿನ ಉಷ್ಣತೆ ಸುಮಾರು 600 ಡಿಗ್ರಿಗೆ ಏರುತ್ತದೆ. ಇದಕ್ಕೆ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡುವ ಅವಕಾಶ ಬೇಕು. ಬೆಳಗಿನ ಜಾವ ಹಳ್ಳಿಯಿಂದ ಮಾರುಕಟ್ಟೆಗೆ ಹೋಗಿ, ಎಂಜಿನ್ ಚಾಲನೆಯಲ್ಲಿಟ್ಟು ನಿಂತು, ಮರಳಿ ಬರುವ ವ್ಯಾನಿಗೆ ಆ ಅವಕಾಶವೇ ಸಿಗುವುದಿಲ್ಲ. ಮನೆಮನೆಯ ಮುಂದೆ ನಿಲ್ಲುವ ಶಾಲಾ ವ್ಯಾನಿನ ಸ್ಥಿತಿಯೂ ಇದೇ. ಸೋಸುಕದ ದೀಪ ಹೊತ್ತಿದಲ್ಲಿ ಚಿಕ್ಕಬಳ್ಳಾಪುರದಿಂದ ದೇವನಹಳ್ಳಿ ಅಥವಾ ಬಾಗೇಪಲ್ಲಿ ಕಡೆಗಿನ ರಾಷ್ಟ್ರೀಯ ಹೆದ್ದಾರಿ 44ರಂತಹ ತೆರವಾದ ರಸ್ತೆಯಲ್ಲಿ, ವೇಗಮಿತಿಯೊಳಗೆ, 15ರಿಂದ 20 ನಿಮಿಷ ನಿಲ್ಲಿಸದೆ ಓಡಿಸಿದರೆ ಬಹುತೇಕ ಸಂದರ್ಭಗಳಲ್ಲಿ ಅದು ಆರುತ್ತದೆ. ದೀಪವನ್ನು ಅಲಕ್ಷಿಸಿ ವಾರಗಟ್ಟಲೆ ಓಡಿಸಿದವರು ಮಾತ್ರ ಸೇವಾ ಕೇಂದ್ರಕ್ಕೇ ಹೋಗಬೇಕಾಗುತ್ತದೆ.

ಮಸಿ ಸುಡುವುದು ಪದೇ ಪದೇ ಅರ್ಧಕ್ಕೆ ನಿಂತರೆ ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಕಡ್ಡಿಯಲ್ಲಿ ಆಯಿಲ್ ಮಟ್ಟ ಮೇಲಿನ ಗೆರೆಯನ್ನು ದಾಟಿದ್ದಲ್ಲಿ ಕೂಡಲೇ ಬದಲಾಯಿಸುವುದು. ತಯಾರಕರು ಸೂಚಿಸಿದ ಕಡಿಮೆ ಬೂದಿಯ ಆಯಿಲ್ ಅನ್ನೇ ಹಾಕಿಸತಕ್ಕದ್ದು. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ.

ಒಕ್ಕಣೆಯ ಕಾಲದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ರಾಗಿ ಮತ್ತು ಹುರುಳಿಯನ್ನು ರಸ್ತೆಯ ಮೇಲೆ ಹರಡುವ ರೂಢಿ ಜಿಲ್ಲೆಯಲ್ಲಿ ಇನ್ನೂ ಉಳಿದಿದೆ. ವಾಹನದಡಿ ಸಿಕ್ಕಿಕೊಂಡ ಒಣ ಹುಲ್ಲು ಬಿಸಿ ನಳಿಕೆಗೆ ತಗುಲಿ ಬೆಂಕಿ ಹತ್ತಬಹುದು. ಅಂತಹ ಕಡೆ ವಾಹನವನ್ನು ನಿಲ್ಲಿಸಬಾರದು ಮತ್ತು ದಾಟಿದ ಮೇಲೆ ಕೆಳಗೆ ಬಗ್ಗಿ ನೋಡತಕ್ಕದ್ದು.

ವ್ಯವಸ್ಥೆಯನ್ನು ಕಳಚುವುದು

ಸೋಸುಕವನ್ನು ಕೊರೆದು ಟೊಳ್ಳು ಮಾಡುವುದು, ದ್ರಾವಣವಿಲ್ಲದೆಯೂ ಇದೆಯೆಂದು ನಂಬಿಸುವ ಉಪಕರಣವನ್ನು ಜೋಡಿಸುವುದು ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ಕ್ಕೆ ವಿರುದ್ಧವಾಗಿದೆ. 2019ರ ತಿದ್ದುಪಡಿಯಿಂದ ಸೇರಿಸಲಾದ ಕಲಂ 182ಎ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಹೊಗೆ ತಪಾಸಣೆಯಲ್ಲಿ ಉತ್ತೀರ್ಣವಾಯಿತಲ್ಲ ಎಂಬ ಸಮಜಾಯಿಷಿಯು ಒಪ್ಪತಕ್ಕದ್ದಲ್ಲ. ಆ ತಪಾಸಣೆಯು ಡೀಸೆಲ್ ವಾಹನದ ಹೊಗೆಯ ಸಾಂದ್ರತೆಯನ್ನಷ್ಟೇ ಅಳೆಯುತ್ತದೆ. ಕಣ್ಣಿಗೆ ಕಾಣದ ಸಾರಜನಕದ ಆಕ್ಸೈಡುಗಳನ್ನು ಅಳೆಯುವುದಿಲ್ಲ.

ತಪಾಸಣೆಗೆ ಬರುವ ಮುನ್ನ

ಹೊಸ ವಾಹನಕ್ಕೆ ನೋಂದಣಿಯ ದಿನಾಂಕದಿಂದ ಒಂದು ವರ್ಷದ ನಂತರ ವಾಯುಮಾಲಿನ್ಯ ತಪಾಸಣಾ ಪ್ರಮಾಣ ಪತ್ರ ಕಡ್ಡಾಯ. ಇದರ ಅವಧಿಯು ನಾಲ್ಕು ಮತ್ತು ಆರನೆಯ ಹಂತದ ವಾಹನಗಳಿಗೆ ಒಂದು ವರ್ಷ, ಹಳೆಯವುಗಳಿಗೆ ಆರು ತಿಂಗಳು. ಸಾರಿಗೆ ವಾಹನಗಳ ಅರ್ಹತಾ ಪತ್ರವನ್ನು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ನವೀಕರಿಸತಕ್ಕದ್ದು. ತಪಾಸಣೆಗೆ ಬರುವಾಗ ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಎಚ್ಚರಿಕೆಯ ದೀಪಗಳು ಆರಿರಬೇಕು. 2021ರಿಂದ ಪ್ರಮಾಣ ಪತ್ರದ ನಮೂನೆಯು ದೇಶದಾದ್ಯಂತ ಏಕರೂಪವಾಗಿದ್ದು, ಮಾಲೀಕರ ಮೊಬೈಲ್ ಸಂಖ್ಯೆಯನ್ನು ನೀಡುವುದು ಅವಶ್ಯಕ. ವಾಹನವು ಅನುತ್ತೀರ್ಣವಾದಲ್ಲಿ ಕಾರಣವನ್ನು ನಮೂದಿಸಿದ ತಿರಸ್ಕೃತ ಚೀಟಿಯನ್ನು ಕೇಳಿ ಪಡೆಯಿರಿ. ಅದನ್ನು ಸೇವಾ ಕೇಂದ್ರದಲ್ಲಿ ತೋರಿಸಿ ದುರಸ್ತಿ ಮಾಡಿಸಬಹುದು, ಅಥವಾ ಫಲಿತಾಂಶದ ಬಗ್ಗೆ ಸಂಶಯವಿದ್ದಲ್ಲಿ ಬೇರೊಂದು ಕೇಂದ್ರದಲ್ಲಿ ಮರುತಪಾಸಣೆಗೆ ಒಳಪಡಿಸಬಹುದು.

ಕೆಎ-40 ಸರಣಿಯ ವಾಹನಗಳ ಮಾಲೀಕರು ಚಿಕ್ಕಬಳ್ಳಾಪುರದ ಪ್ರಾದೇಶಿಕ ಸಾರಿಗೆ ಕಚೇರಿಯನ್ನು, ಕೆಎ-67 ಸರಣಿಯವರು ಚಿಂತಾಮಣಿಯ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಹೆಚ್ಚಿನ ವಿವರಗಳಿಗಾಗಿ ಸಂಪರ್ಕಿಸಬಹುದು. ಬರುವಾಗ ನೋಂದಣಿ ಪ್ರಮಾಣ ಪತ್ರದೊಂದಿಗೆ ದ್ರಾವಣ ಖರೀದಿಯ ಮತ್ತು ಸೇವಾ ಕೇಂದ್ರದ ರಸೀದಿಗಳನ್ನೂ ತರುವುದು ಅನುಕೂಲಕರ.