ಭಾವನಾತ್ಮಕ ಮತ್ತು ಸಾಮಾಜಿಕ ವಿಕಾಸ

ಹುಟ್ಟಿನಿಂದ ಮುಪ್ಪಿನವರೆಗೆ ವ್ಯಕ್ತಿ ತನ್ನ ಭಾವನೆಗಳನ್ನು ಅರಿತು, ಹತೋಟಿಯಲ್ಲಿಟ್ಟು, ಇತರರೊಡನೆ ಬಾಳಲು ಕಲಿಯುವ ಪ್ರಕ್ರಿಯೆ. ಮನೋವಿಜ್ಞಾನಿ ಎರಿಕ್ ಎರಿಕ್‌ಸನ್ 1950ರಲ್ಲಿ ಇದನ್ನು ಎಂಟು ಹಂತಗಳಾಗಿ ವಿವರಿಸಿದರು; ಮೊದಲ ಹಂತದ ಗಳಿಕೆ ನಂಬಿಕೆ, ಕೊನೆಯದರದು ಬದುಕಿನ ಬಗೆಗಿನ ಸಮಾಧಾನ.

ಈ ಹಂತಗಳನ್ನು ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಬದುಕಿನಲ್ಲೂ ಕಾಣಬಹುದು. ಇಲ್ಲಿ ಚೊಚ್ಚಲ ಬಾಣಂತನ ಸಾಮಾನ್ಯವಾಗಿ ತವರಿನಲ್ಲಿ ನಡೆಯುತ್ತದೆ. ತಾಯಿ, ಅಜ್ಜಿಯರ ಮಡಿಲಲ್ಲಿ ಕೂಸಿನ ನಂಬಿಕೆ ಬೇರೂರುತ್ತದೆ. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುತ್ತಾಳೆ. ನೆರೆದ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಕೂಸು ಬಳಗಕ್ಕೆ ಸೇರುವುದು ಹೀಗೆ. ಅಂಗನವಾಡಿಯಲ್ಲಿ ಮಗು ಹಂಚಿಕೊಳ್ಳುವುದನ್ನೂ ಸರದಿ ಕಾಯುವುದನ್ನೂ ಕಲಿಯುತ್ತದೆ. ಹರೆಯದವರಿಗೆ ಗೆಳೆಯರ ಗುಂಪು, ಹೋರಿಗಳನ್ನು ಓಡಿಸಿ ಹಿಡಿಯುವ ಹೋರಿ ಹಬ್ಬ ತಮ್ಮ ಗುರುತು ಕಂಡುಕೊಳ್ಳುವ ತಾಣಗಳು. ನಡುವಯಸ್ಸಿನಲ್ಲಿ ಸಂಸಾರ, ಹೊಲಗೆಲಸಕ್ಕೆ ಒಬ್ಬರಿಗೊಬ್ಬರು ಆಳಾಗಿ ನೆರವಾಗುವ ಮುಯ್ಯಾಳು ಪದ್ಧತಿ ಹೊಣೆಗಾರಿಕೆ ಕಲಿಸುತ್ತವೆ.

ಆಪ್ತ ಸಂಬಂಧ ಜಾತಿ, ಮತಗಳನ್ನು ಮೀರಬಲ್ಲದು. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಮುಸ್ಲಿಂ ತತ್ವಪದಕಾರ ಶರೀಫರು (1819–1889) ಬ್ರಾಹ್ಮಣರಾದ ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಸ್ವೀಕರಿಸಿದ್ದು ಇದಕ್ಕೆ ಉಜ್ವಲ ನಿದರ್ಶನ.

ಮುಪ್ಪಿನಲ್ಲಿ ಮೊಮ್ಮಕ್ಕಳ ಒಡನಾಟ, ಗುಡಿಕಟ್ಟೆಯ ಮಾತು, ಭಜನೆ ಮನಸ್ಸಿಗೆ ಆಸರೆ. ದುಡಿಮೆಗಾಗಿ ಮಕ್ಕಳು ಊರು ಬಿಟ್ಟಲ್ಲಿ ಒಂಟಿತನ ಕಾಡುತ್ತದೆ. ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದ ತಂದೆತಾಯಿಗಳಿಗೆ ಮಕ್ಕಳಿಂದ ಜೀವನಾಂಶ ಪಡೆಯುವ ಹಕ್ಕನ್ನು 2007ರ ಕೇಂದ್ರ ಕಾಯ್ದೆ ನೀಡಿದೆ.